ಕೋಡಿಗೆ ತಡಿಕೆ ಕಟ್ಟಿದ ಸಾಯ್ಬ್ರು

"ಹಗ್ಗ ಬಿಗಿಯಾಗಿ ಹಿಡ್ಕೊಳಪ್ಪಾ, ನಂಗೆ ಈಜು ಬರಲ್ಲ!"

ಸಾಯ್ಬ್ರು ಸೊಂಟದವರೆಗೆ ನೀರಿನಲ್ಲಿ ನಿಂತು ಕಿರುಚುತ್ತಿದ್ದರು. ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅದು ನಮ್ಮೂರ ಕೆರೆಯ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹೋಗಲಿ ಅಂತ ಏರಿಯ ಒಂದು ಕೊನೆಯಲ್ಲಿ ಹಿಂದಿನವರು ಕಲ್ಲಿನಲ್ಲಿ ಕಟ್ಟಿದ ಜಾಗ. ಆ ಕೋಡಿಗೆ ಅಡ್ಡಲಾಗಿ ಬಿದಿರಿನ ತಡಿಕೆ ಕಟ್ಟಿತ್ತು, ನೀರು ಹೋದರೂ ಮೀನು ಹೋಗಬಾರದು ಅಂತ. ಸ್ವಾತಿ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಮೇಲಿನ ಊರುಗಳ ಹಳ್ಳದಲ್ಲಿ ತೇಲಿ ಬಂದ ಹಿಪ್ಪುನೇರಳೆ ಕಡ್ಡಿ, ಜೊಂಡು, ಜಾಲಿ ಕೊಂಬೆ, ಹರಿದ ಚಾಪೆ, ಎಲ್ಲವೂ ಬಂದು ತಡಿಕೆಗೆ ಮೆತ್ತಿಕೊಂಡಿತ್ತು. ನೀರು ಹೋಗಬೇಕಾದ ಜಾಗದಲ್ಲಿ ಗೋಡೆ ಎದ್ದಿತ್ತು.

"ತಡಿಕೆ ಕಡೀರಿ ಸಾಯ್ಬ್ರೇ! ಮಚ್ಚು ಕೊಡ್ತೀನಿ, ಕಟ್ಟು ಕಡೀರಿ. ಎಲ್ಲಾ ಒಂದೇ ಸಲ ಕೊಚ್ಕೊಂಡು ಹೋಗ್ತದೆ," ಅಂದೆ.

"ಇರಪ್ಪಾ, ಇರು. ಕಸ ತೆಗೀತೀನಿ. ಕಸ ತೆಗೆದ್ರೆ ನೀರು ಹೋಗ್ತದೆ. ತಡಿಕೆ ಇರ್ಲಿ."

ಅವರು ಒಂದು ಹಿಡಿ ಕಡ್ಡಿ ಎಳೆದು ಆಚೆ ಎಸೆದರೆ ಎರಡು ಹಿಡಿ ಬಂದು ಸೇರುತ್ತಿತ್ತು. ಏರಿಯ ಮೇಲೆ ನಮ್ಮ ದೊಡ್ಡಪ್ಪ ಕೊಡೆ ಹಿಡಿದುಕೊಂಡು ನಿಂತಿದ್ದರು. ಊರಿನಲ್ಲಿ ಅವರ ಮಾತೇ ನಡೆಯುತ್ತಿತ್ತು.

"ಕಡೀಬೇಡ್ರೋ! ಹೋದ ವರ್ಷ ತುಂಬ್ಲೇ ಇಲ್ಲ, ಈಗ ತುಂಬೈತೆ ನೋಡು! ಈಗ ಕಡದ್ರೆ ನೀರೆಲ್ಲಾ ಆಂಧ್ರಕ್ಕೆ ಹೋಗ್ತದೆ. ಸಾಯ್ಬಾ, ಕಸ ತೆಗೆಯೋ ನೀನು."

ಸಾಯ್ಬ್ರು ಕಸ ತೆಗೆಯುತ್ತಲೇ ಇದ್ದರು.

ಆ ಸಾಯ್ಬ್ರು ಹೋದ ತಿಂಗಳು ಶಿಡ್ಲಘಟ್ಟದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಅಲ್ಲೇ ಇದ್ದಾರೆ. ನಮ್ಮೂರಿನಲ್ಲಿ ಅವರನ್ನು ಯಾರೂ ಹೆಸರಿಟ್ಟು ಕರೆದದ್ದೂ ಇಲ್ಲ. ಸಾಯ್ಬ್ರು ಅಂದರೆ ಅವರೇ.

ನನಗೆ ಅವರು ಗೊತ್ತಾದದ್ದು ನನ್ನ ಲಗೇಜ್ ಆಟೋದಿಂದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಒಂದಷ್ಟು ವರ್ಷ ಕ್ಲೀನರ್ ಆಗಿ ಅಲೆದು, ಕೊನೆಗೆ ಒಂದು ಹಳೇ ಆಟೋ ಹಿಡಿದಿದ್ದೆ. ಮೇಲೂರು ಸುತ್ತಲಿನ ಹಳ್ಳಿಗಳಿಂದ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಸಾಗಿಸುವುದು ನನ್ನ ಕೆಲಸ. ವಾಪಸ್ ಬರುವಾಗ ಗಾಡಿ ಖಾಲಿ. ಒಂದು ದಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಬ್ಬ ಸಣಕಲು ಮನುಷ್ಯ ಕೈ ಅಡ್ಡ ಹಾಕಿ, ಗಾಡಿ ನಮ್ಮೂರಿಗಾ ಅಂತ ಕೇಳಿದರು. ಮೇಲಕ್ಕೆ ಕಟ್ಟಿದ ಲುಂಗಿ, ಬನಿಯನ್ನು, ಪಕ್ಕದಲ್ಲಿ ಒದ್ದೆ ಗೋಣಿಚೀಲಗಳು. ಚೀಲದಿಂದ ಬಂದ ವಾಸನೆಗೆ ನಾನು ಮೂಗಿಗೆ ಟವೆಲ್ಲು ಒತ್ತಿಕೊಂಡೆ.

ಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚಿಕೊಂಡ ಮೇಲೆ ಒಳಗೆ ಬೆಂದ ಹುಳು ಉಳಿಯುತ್ತದೆ. ಆ ಹುಳುವಿನ ಚೀಲಗಳು.

"ಇದನ್ನ ಯಾರ್ ತಿಂತಾರೆ?" ಅಂದೆ.

"ನಮ್ಮ ಮಕ್ಳು," ಅಂದರು. ಆಮೇಲೆ ನಕ್ಕು, "ಮೀನು ಕಣಪ್ಪಾ. ನಿಮ್ಮೂರ ಕೆರೇಲಿ ಮೀನು ಬಿಟ್ಟಿದೀನಿ."

"ಗಾಡಿ ನಾರ್ತದೆ. ನಾಳೆ ನನ್ನ ಗಾಡೀಲಿ ಯಾರೂ ಗೂಡು ಹಾಕಲ್ಲ."

"ವಾಸನೆ ಬರ್ತದೆ ಅಂತೀರಲ್ಲ ಡ್ರೈವರ್ ಸಾಬ್, ರೇಷ್ಮೆ ಸೀರೆ ಉಟ್ಕೊಂಡು ಮದುವೇಲಿ ಕುಂತಿರೋರೆಲ್ಲ ಈ ವಾಸನೆ ಮೇಲೇ ಕುಂತವ್ರೆ."

ಆ ಮಾತಿಗೆ ನಾನು ಚೀಲ ಹಾಕಿಕೊಂಡೆ. ಆವತ್ತಿನಿಂದ ವಾರಕ್ಕೊಮ್ಮೆಯಾದರೂ ಅವರ ಚೀಲ ನನ್ನ ಗಾಡಿಯಲ್ಲಿ ಇರುತ್ತಿತ್ತು. ಗಾಡಿ ನಾರಿದ್ದೂ ನಿಜ.

ಅವರು ಮೊದಲು ನೂಲು ಬಿಚ್ಚುವವರೇ. ಮನೆಯ ಹಿಂದೆ ಶೆಡ್ಡು, ಒಲೆ, ಬಿಸಿನೀರಿನ ತೊಟ್ಟಿ, ಚರಕ. ಹಬೆ ಕುಡಿದು ಕುಡಿದು ಎದೆ ಕಟ್ಟಿಕೊಂಡಿತ್ತು. ಎರಡು ವಾಕ್ಯ ಮಾತಾಡಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಬೆರಳ ತುದಿಗಳು ಬೆಳ್ಳಗೆ, ಚರ್ಮ ಸುಲಿದು, ಬೇಯಿಸಿದ ಕಡಲೆಕಾಯಿಯ ಹಾಗೆ ಮುದುರಿದ್ದವು. ಶೆಡ್ಡಿಗೆ ಹೋಗಬೇಡ ಅಂತ ಡಾಕ್ಟರು ಹೇಳಿದ ಮೇಲೆ ಏನು ಮಾಡುವುದು ಅಂತ ಯೋಚನೆ ಮಾಡಿ, ಹುಳು ಅಂತೂ ಬೀದಿಯಲ್ಲಿ ಬಿದ್ದಿರುತ್ತದೆ, ಅದನ್ನು ತಿನ್ನುವ ಪ್ರಾಣಿ ಯಾವುದು ಅಂತ ಹುಡುಕಿ, ಮೀನು ಹಿಡಿದರಂತೆ. ಮೀನು ಸಾಕಲು ಕೆರೆ ಕೊಡುವ ಹರಾಜಿನಲ್ಲಿ ನಮ್ಮ ಕೆರೆ ಕೂಗಿ ಹಿಡಿದರು. ಮೀನಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. "ನಮ್ಮ ಮನೇಲಿ ತಿನ್ನೋರು ಇದ್ರು, ಸಾಕೋರು ಯಾರೂ ಇರ್ಲಿಲ್ಲ," ಅನ್ನುತ್ತಿದ್ದರು.

ಈಜು ಬಾರದವನು ಕೆರೆ ಹಿಡಿದ ಅಂತ ಊರೆಲ್ಲ ನಗಾಡಿತು. ಅವರಿಗೆ ನೀರು ಅಂದರೆ ನಿಜವಾಗಿ ಭಯ. ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿ, ಅದರ ಮೇಲೆ ಕುಂತು, ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ಬಲೆಗಾರರು ತಳ್ಳಿಕೊಂಡು ಹೋಗಬೇಕು. ಯಾರಾದರೂ ತಮಾಷೆಗೆ ಟ್ಯೂಬು ಅಲ್ಲಾಡಿಸಿದರೆ ಉರ್ದುವಿನಲ್ಲಿ ಏನೇನೋ ಬೈಯುತ್ತಿದ್ದರು.

"ಏನ್ ಸಾಯ್ಬ್ರೇ, ಮಾಲೀಕರು ಹಿಂಗೆ ಹೆದರ್ಕೊಂಡ್ರೆ ಹೆಂಗೆ?"

"ನಾನು ಮೀನಿಗೆ ಮಾಲೀಕ ಕಣಪ್ಪಾ. ನೀರಿಗೆ ಅಲ್ಲ."

ಸಾಯಂಕಾಲ ತೂಬಿನ ಕಲ್ಲಿನ ಮೇಲೆ ಕುಂತು ಹುಳು ಎಸೆಯುತ್ತಿದ್ದರು. ನಮ್ಮ ಕೆರೆಯ ನೀರು ಕೆಂಪು ಮಣ್ಣಿನ ನೀರು. ಗೇಣುದ್ದ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಎಸೆದು, ತಲೆ ಬಗ್ಗಿಸಿ, ಕಿವಿಯನ್ನು ನೀರಿನ ಕಡೆಗೆ ಕೊಡುತ್ತಿದ್ದರು. ಎಲ್ಲಾದರೂ ಪಟ್ ಅಂತ ಸದ್ದು ಬಂದರೆ ಮುಖ ಅರಳುತ್ತಿತ್ತು. ಒಂದು ಸಲ ನನಗೆ ಹೇಳಿದರು: "ಮೀನು ಸಾಕೋದು ಅಂದ್ರೆ ಕಾಣದ ಮಕ್ಳನ್ನ ಸಾಕ್ದಂಗೆ. ಉಂಡ್ರೋ ಇಲ್ವೋ ಗೊತ್ತಾಗಲ್ಲ. ಇದಾವೋ ಇಲ್ವೋ ಅಂತ್ಲೂ ಗೊತ್ತಾಗಲ್ಲ. ಕರ್ದು ಕೇಳಕ್ಕೂ ಆಗಲ್ಲ."

ದೊಡ್ಡಪ್ಪನಿಗೂ ಅವರಿಗೂ ದಿನಾ ಜಗಳ, ದಿನಾ ಬೀಡಿ.

"ಸಾಯ್ಬಾ, ನಿನ್ ಮೀನು ನಮ್ ನೀರು ಕುಡ್ದು ಕೊಬ್ತಾ ಅವೆ. ಬಾಡಿಗೆ ಕೊಡು."

"ಕುಡ್ದಿದ್ದನ್ನ ಅಲ್ಲೇ ವಾಪಸ್ ಬಿಡ್ತವೆ ಗೌಡ್ರೇ. ಗೊಬ್ಬರ ಸೇರಿಸಿ ಬಿಡ್ತವೆ. ನೀವೇ ನಂಗೆ ಕೊಡ್ಬೇಕು."

ದೊಡ್ಡಪ್ಪ ಬೇರೆ ಯಾರ ಹತ್ತಿರವೂ ಹಾಗೆ ಮಾತಾಡಿಸಿಕೊಂಡವರಲ್ಲ.

ಸಾಯ್ಬ್ರು ಬಂದ ಮೊದಲ ವರ್ಷವೇ ಕೆರೆ ತುಂಬಿ ಕೋಡಿ ಹರಿಯಿತು. ಆವಾಗ ತಡಿಕೆ ಇರಲಿಲ್ಲ. ನೀರಿನ ಜೊತೆ ಮೀನೆಲ್ಲ ಹೊರಟಿತು. ಕೋಡಿ ಕೆಳಗಿನ ಗದ್ದೆಗಳಲ್ಲಿ ಮೊಣಕಾಲುದ್ದ ನೀರು, ಅದರ ತುಂಬ ಮೀನು. ಊರು ಊರೇ ಇಳಿಯಿತು. ಹೆಂಗಸರು ಸೀರೆ ಸೆರಗು ಹಿಡಿದು, ಗಂಡಸರು ಪಂಚೆ ಬಿಚ್ಚಿ, ಹುಡುಗರು ಸೊಳ್ಳೆಪರದೆ ಹಿಡಿದು, ಸಿಕ್ಕಿದವರಿಗೆ ಸಿಕ್ಕಷ್ಟು. ಸುದ್ದಿ ತಿಳಿದು ಸಾಯ್ಬ್ರು ಬರುವ ಹೊತ್ತಿಗೆ ಪ್ರತಿ ಮನೆಯ ಒಲೆಯ ಮೇಲೂ ಸಾರು ಕುದಿಯುತ್ತಿತ್ತು. ಅವರು ಕೋಡಿ ಮೇಲೆ ನಿಂತು ನೋಡಿದರು. ಕೆಳಗಿನ ಕೇರಿಯ ಒಬ್ಬ ಹೆಂಗಸು ಒಂದು ಕಾಟ್ಲಾ ಮೀನು ತಂದು ಅವರ ಕೈಗೆ ಕೊಟ್ಟಳು.

"ತಗಳಿ ಸಾಯ್ಬ್ರೇ. ನಿಮ್ದೂ ಒಂದಿರ್ಲಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆ ಮೀನು ಹಿಡಿದುಕೊಂಡು ನನ್ನ ಆಟೋ ಹತ್ತಿದರು. ದಾರಿಯಲ್ಲಿ ಅದರ ಬೆನ್ನು ಸವರುತ್ತಾ, "ಇಷ್ಟು ದೊಡ್ಡದಾಗಿತ್ತು ನೋಡು. ನಂಗೆ ಗೊತ್ತೇ ಇರ್ಲಿಲ್ಲ," ಅಂದರು. ತಾವು ಸಾಕಿದ ಮೀನನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು.

ಮಾರನೇ ವರ್ಷ ಬೇಸಿಗೆಯಲ್ಲಿ ತಡಿಕೆಯ ಮಾತು ಬಂತು. ಹೇಳಿದ್ದು ದೊಡ್ಡಪ್ಪ. ಬೇರೆ ಕೆರೆಗಳಲ್ಲಿ ಮೀನಿನವರು ಹಾಕುತ್ತಾರೆ, ನೀನೂ ಹಾಕು ಅಂದರು. ಬಿದಿರು ನನ್ನ ಗಾಡಿಯಲ್ಲೇ ಬಂತು. ಮೇದರವನು ಬಂದು ಹೆಣೆದ. ನಿಲ್ಲಿಸುವ ದಿನ ಊರಿನವರು ಹತ್ತಿಪ್ಪತ್ತು ಜನ ಕರೆಯದೆಯೇ ಬಂದರು. ಕಲ್ಲಿನ ಸಂದಿಗೆ ಗೂಟ ಬಡಿದು ಬಿಗಿದರು. ಆಮೇಲೆ ದೊಡ್ಡಪ್ಪ ರಾಗಿ ಹುಲ್ಲಿನ ಹೊರೆ ತರಿಸಿ, ತಡಿಕೆಯ ಬುಡಕ್ಕೆ ಗಟ್ಟಿಯಾಗಿ ತುರುಕಿಸಿ, ಮೇಲೆ ಜೇಡಿಮಣ್ಣು ಮೆತ್ತಿಸತೊಡಗಿದರು.

"ಗೌಡ್ರೇ, ಹುಲ್ಲು ಯಾಕೆ? ಮೀನಿಗೆ ಬಿದಿರು ಸಾಕಲ್ಲ?"

"ಮೀನು ನಿಂದು, ನೀರು ನಮ್ದು. ನಿಂಗೆ ಬಿದಿರು, ನಮ್ಗೆ ಹುಲ್ಲು. ಒಂದು ಗೇಣು ನೀರು ಜಾಸ್ತಿ ನಿಂತ್ರೆ ಇನ್ನೊಂದು ಬೆಳೆ ಆಗ್ತದೆ ಕಣಯ್ಯಾ."

"ಹೌದಲ್ಲ," ಅಂದರು ಸಾಯ್ಬ್ರು. ತಾವೂ ಎರಡು ಬುಟ್ಟಿ ಮಣ್ಣು ಹೊತ್ತರು.

ಅದರಲ್ಲಿ ತಪ್ಪೇನಿದೆ ಅಂತ ಯಾರಿಗೂ ಅನ್ನಿಸಲಿಲ್ಲ. ನಮ್ಮ ಕಡೆ ನದಿ ಇಲ್ಲ, ಕಾಲುವೆ ಇಲ್ಲ. ಕೆರೆ ತುಂಬಿದರೆ ಬಾವಿಯಲ್ಲಿ ನೀರು, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು, ದನಕ್ಕೆ ಹುಲ್ಲು. ಕೋಡಿ ಹರಿದರೆ ಗಂಗಮ್ಮನಿಗೆ ಮೇಕೆ ಕಡಿದು ಹಬ್ಬ ಮಾಡುವವರೂ ನಾವೇ, ಅಯ್ಯೋ ನೀರು ಹೋಗುತ್ತಿದೆಯಲ್ಲ ಅಂತ ಹೊಟ್ಟೆ ಉರಿದುಕೊಳ್ಳುವವರೂ ನಾವೇ. ಹೋಗುವ ನೀರು ಹೋಗಲೇಬೇಕು, ಅದಕ್ಕೇ ಆ ಜಾಗ ಇರುವುದು ಅಂತ ಯಾರ ತಲೆಗೂ ಹತ್ತಲಿಲ್ಲ. ಆ ವರ್ಷ ಮಳೆ ಕಡಿಮೆ. ನೀರು ತಡಿಕೆ ಮುಟ್ಟಲೇ ಇಲ್ಲ. ಅದು ಅಲ್ಲಿದೆ ಅನ್ನುವುದನ್ನೇ ಎಲ್ಲರೂ ಮರೆತರು.

ಅದರ ಮುಂದಿನ ವರ್ಷದ್ದೇ ನಾನು ಮೊದಲು ಹೇಳಿದ ಸ್ವಾತಿ ಮಳೆ.

ಬೆಳಗ್ಗೆ ಎಲ್ಲ ಸಾಯ್ಬ್ರು ಕಸ ಎಳೆದರು. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿಯಾಗಿತ್ತು. ಉಸಿರು ಸಿಗುತ್ತಿರಲಿಲ್ಲ. ಆಗ ನನ್ನ ಕಡೆ ತಿರುಗಿ ಕೈ ಚಾಚಿದರು. "ಕೊಡಪ್ಪಾ ಮಚ್ಚು. ಹೋಗ್ಲಿ. ಎಲ್ಲಾ ಹೋಗ್ಲಿ." ದೊಡ್ಡಪ್ಪ ಏರಿಯಿಂದ ಬೈಯುತ್ತಲೇ ಇದ್ದರು. ಕೊಟ್ಟೆ. ಒಂದು ಕಟ್ಟು ಕಡಿದರು, ಇನ್ನೊಂದು ಕಡಿದರು. ತಡಿಕೆ ಅಲ್ಲಾಡಲಿಲ್ಲ. ಅಷ್ಟು ನೀರು, ಅಷ್ಟು ಕಸ ಅದನ್ನು ಕಲ್ಲಿಗೆ ಒತ್ತಿ ಹಿಡಿದಿತ್ತು.

ಅಷ್ಟರಲ್ಲಿ ಏರಿಯ ಇನ್ನೊಂದು ಕೊನೆಯಿಂದ ಕೂಗು ಬಂತು. ಅಲ್ಲಿ ಬಂಡಿಗಳು ಏರಿ ಹತ್ತಿ ಇಳಿದು ಇಳಿದು ಮಣ್ಣು ತಗ್ಗಾಗಿತ್ತು. ಕೋಡಿಯಲ್ಲಿ ಹೋಗಲಾಗದ ನೀರು ಆ ತಗ್ಗಿನ ಮೇಲೆ ಹರಿಯಲು ಶುರುವಾಗಿತ್ತು. ಮೊದಲು ಬೆರಳು ಗಾತ್ರ, ಆಮೇಲೆ ಕಾಲುವೆ. ಜನ ಮಣ್ಣಿನ ಚೀಲ ತರುವುದಕ್ಕೆ ಓಡಿದರು. ಚೀಲ ಬರುವ ಮೊದಲೇ ಏರಿ ಒಡೆಯಿತು. ಸಿಡಿಲು ಹೊಡೆದ ಹಾಗೆ ಸದ್ದು ಬರುತ್ತದೆ ಅಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. ದೊಡ್ಡ ಗೋಡೆಯೊಂದು ಕುಂತ ಹಾಗೆ ದಪ್ಪನೆ ಒಂದು ಸದ್ದು, ಅಷ್ಟೇ.

ನಾನು ಸಾಯ್ಬ್ರನ್ನು ಎಳೆದುಕೊಂಡೆ. ಅವರು ದಡದಲ್ಲಿ ಕುಂತು ನೋಡಿದರು. ಕಣ್ಣೆದುರೇ ಕೋಡಿಯ ಹತ್ತಿರದ ನೀರು ಇಳಿಯುತ್ತಾ ಬಂತು. ಸಂಜೆಗೆ ಕೆರೆಯಲ್ಲಿ ಬರೀ ಕೆಸರು. ಕೆಸರಿನಲ್ಲಿ ಮೀನು ಒದ್ದಾಡುತ್ತಿದ್ದವು. ಆವತ್ತು ಒಬ್ಬರೂ ಹಿಡಿಯುವುದಕ್ಕೆ ಬರಲಿಲ್ಲ.

ಕೆಳಗಿನ ಕೇರಿಯವರು ಅಷ್ಟರಲ್ಲೇ ಶಾಲೆಯ ದಿಬ್ಬ ಹತ್ತಿದ್ದರು. ಅವರ ಗೋಡೆಗಳು ಬಿದ್ದವು. ಕಟ್ಟಿದ್ದ ದನ ಸತ್ತವು. ಗದ್ದೆ, ಹಿಪ್ಪುನೇರಳೆ ತೋಟದ ಮೇಲೆ ಆಳುದ್ದ ಮರಳು. ಬಾವಿಗಳು ಮರಳಿನಿಂದ ಮುಚ್ಚಿಹೋದವು. ಜನ ಯಾರೂ ಸಾಯಲಿಲ್ಲ. ಎಲ್ಲರೂ ಅದೊಂದನ್ನೇ ಹೇಳಿಕೊಂಡರು. ಯಾರೂ ಸಾಯಲಿಲ್ಲ, ಯಾರೂ ಸಾಯಲಿಲ್ಲ.

ಇಂಜಿನಿಯರ್ ಬರುತ್ತಾರೆ ಅಂತ ತಿಳಿದಾಗ ದೊಡ್ಡಪ್ಪ ಅರಳಿಕಟ್ಟೆ ಹತ್ತಿರ ಜನ ಸೇರಿಸಿದರು. ಅಷ್ಟರಲ್ಲಿ ತಡಿಕೆಯನ್ನು ಕಿತ್ತು ಸುಟ್ಟಾಗಿತ್ತು.

"ಮಳೆ ಅಂತ ಹೇಳ್ಬೇಕು. ಎಲ್ರೂ ಅದನ್ನೇ ಹೇಳ್ಬೇಕು. ತಡಿಕೆ ಅಂತ ಬಾಯಿ ಬಿಟ್ರೆ, ನೀವೇ ಒಡ್ಕೊಂಡಿದೀರ, ನೀವೇ ಕಟ್ಕೊಳ್ಳಿ ಅಂತ ಜೀಪ್ ತಿರುಗಿಸ್ಕೊಂಡು ಹೋಗ್ತಾರೆ."

ಸಾಯ್ಬ್ರು ಕಟ್ಟೆಯ ಕೆಳಗೆ ನಿಂತಿದ್ದರು. "ತಡಿಕೆ ನಂದು ಗೌಡ್ರೇ. ನಂದೇ ಅಂತ ಹೇಳ್ತೀನಿ. ನಂಗೇನ್ ಬೇಕಾದ್ರೂ ಮಾಡ್ಕೊಳ್ಳಿ."

"ತಡಿಕೆ ನಿಂದು. ಹುಲ್ಲು ಯಾರ್ದು? ಮಣ್ಣು ಯಾರ್ದು? ನಿನ್ನ ಒಬ್ಬನ್ನೇ ಬಿಟ್ಬಿಡ್ತಾರಾ ಅವ್ರು?"

"ಬೇರೆ ಕೆರೇಲೂ ಹಾಕವ್ರೆ ಗೌಡ್ರೇ. ಹೇಳಿದ್ರೆ ಅವ್ರಾದ್ರೂ ತೆಗೀತಾರೆ."

"ಬೇರೆ ಕೆರೆ ಕಟ್ಕೊಂಡು ನಿಂಗೇನು? ಕೆಳಗಿನ ಕೇರಿ ನೋಡು. ಕೆರೆ ರಿಪೇರಿ ಆಗ್ದಿದ್ರೆ ಅವ್ರು ಹೆಂಗೆ ಬದುಕ್ತಾರೆ? ಸಾಯ್ಬಾ, ನೀನು ಒಳ್ಳೇವ್ನು ಅನ್ನಿಸ್ಕೊಳ್ಳಕ್ಕೆ ಹೋಗಿ ಊರಿಗೆ ಮಣ್ಣು ಹಾಕ್ಬೇಡ."

ಕೆಳಗಿನ ಕೇರಿಯ ಮಾತು ಎತ್ತಿದ ಮೇಲೆ ಸಾಯ್ಬ್ರು ಕಟ್ಟೆ ಬಿಟ್ಟು ಹೋಗಿ ನನ್ನ ಆಟೋದಲ್ಲಿ ಕುಂತರು.

ಜೀಪು ಬಂತು. ಇಂಜಿನಿಯರ್ ವಯಸ್ಸಾದ ಮನುಷ್ಯ, ಕೆಟ್ಟವರಲ್ಲ. ಒಡೆದ ಜಾಗ ನೋಡಿದರು. ಉದ್ದಕ್ಕೂ ಏರಿ ನಡೆದು ಕೋಡಿಗೆ ಬಂದರು. ಕಲ್ಲಿನ ಸಂದಿಯಲ್ಲಿ ಇನ್ನೂ ಗೂಟದ ತೂತುಗಳು ಇದ್ದವು. ಬಗ್ಗಿ ನೋಡಿ, ತಲೆ ಎತ್ತಿ, "ಇಲ್ಲಿ ನೀರು ಸರಿಯಾಗಿ ಹರೀತಿತ್ತಾ?" ಅಂತ ಕೇಳಿದರು. ಕೇಳುವಾಗ ಅವರ ಕಣ್ಣು ಸಾಯ್ಬ್ರ ಮೇಲಿತ್ತು. ಮೀನಿನವರು ಇವರೇ ಅಂತ ಯಾರೋ ಆಗಲೇ ಹೇಳಿದ್ದರು. ಊರೆಲ್ಲ ಸಾಯ್ಬ್ರ ಮುಖ ನೋಡಿತು.

"ಹರೀತಿತ್ತು ಸಾರ್," ಅಂದರು ಸಾಯ್ಬ್ರು. "ಮಳೆ ಜಾಸ್ತಿ ಆಯ್ತು."

ದೊಡ್ಡಪ್ಪ ಎಳನೀರು ಕೊಡಿಸಿದರು. ಜೀಪು ಹೋಯಿತು.

ರಿಪೇರಿ ಆಗಲಿಲ್ಲ. ಆ ವರ್ಷ ಆಗಲಿಲ್ಲ, ಮುಂದಿನ ವರ್ಷವೂ ಆಗಲಿಲ್ಲ. ಬರುತ್ತದೆ, ಫೈಲು ಮೇಲಿದೆ ಅನ್ನುತ್ತಾ ಇದ್ದರು. ಒಡೆದ ಜಾಗದಲ್ಲಿ ಜಾಲಿ ಬೆಳೆಯಿತು. ಕೆರೆ ಇಲ್ಲದ ಮೇಲೆ ಉಳಿದ ಬಾವಿಗಳೂ ಬತ್ತಿದವು. ಕೆಳಗಿನ ಕೇರಿಯವರು ಗೌರಿಬಿದನೂರಿನ ಕಡೆ, ಕುಡುಮಲಕುಂಟೆಯ ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಹೋದರು. ಸಾಯ್ಬ್ರ ಕೈಗೆ ಮೀನು ಕೊಟ್ಟು ನಗಿಸಿದ ಹೆಂಗಸೂ ಹೋದಳು. ಕೆರೆಯ ಅಂಗಳದಲ್ಲಿ ಮೊದಲು ನೇಗಿಲು ಹೂಡಿದವರು ನಮ್ಮ ದೊಡ್ಡಪ್ಪ. ಸುಳ್ಳು ಹೇಳಿ ಏನೂ ಸಿಗಲಿಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಸಾಯ್ಬ್ರು ಮಾತ್ರ ಬೇರೆ ಥರ ಆದರು. ಮಳೆಗಾಲ ಬಂದರೆ ಅವರಿಗೆ ಕುಂತಲ್ಲಿ ಕುಂತಿರಲು ಆಗುತ್ತಿರಲಿಲ್ಲ. "ಡ್ರೈವರ್ ಸಾಬ್, ಯಾವ ಕಡೆ ಹೋಗ್ತಿದೀಯ ಇವತ್ತು?" ಅಂತ ಬರುತ್ತಿದ್ದರು. ನಾನು ಗೂಡು ತುಂಬುವ ಊರಿನಲ್ಲಿ ಇಳಿದು ನೇರ ಕೆರೆಗೆ ಹೋಗುತ್ತಿದ್ದರು. ಬೇರೆಯವರು ಕೆರೆ ಅಂದರೆ ನೀರು ಎಷ್ಟಿದೆ ಅಂತ ನೋಡುತ್ತಾರೆ. ಇವರು ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಕೋಡಿಗೆ ಹೋಗಿ ಏನಾದರೂ ಅಡ್ಡ ಇದೆಯಾ ಅಂತ ನೋಡುತ್ತಿದ್ದರು. ಇದ್ದರೆ ಮೀನಿನವರನ್ನು ಹುಡುಕಿಕೊಂಡು ಹೋಗಿ ತೆಗೆಯಿರಿ ಅನ್ನುತ್ತಿದ್ದರು. ಒಬ್ಬಿಬ್ಬರು ತೆಗೆದರು. ಉಳಿದವರು ಬೈದು ಕಳಿಸಿದರು. ಹರಾಜಿನಲ್ಲಿ ಪೈಪೋಟಿಗೆ ಬಂದವನು ಅಂದುಕೊಂಡವರೇ ಜಾಸ್ತಿ. ಒಂದು ಊರಿನಲ್ಲಿ ಕಲ್ಲೂ ಬಿತ್ತು. ಹಣೆ ಒರೆಸಿಕೊಳ್ಳುತ್ತಾ ಬಂದು ಗಾಡಿ ಹತ್ತಿ, "ಗುರಿ ಚೆನ್ನಾಗೈತೆ ನನ್ಮಗಂದು," ಅಂದರು.

ಒಂದು ಸಲ ಚಿಂತಾಮಣಿ ಕಡೆ ಹೋಗಿದ್ದೆವು. ಅಂಬಾಜಿದುರ್ಗದ ಬೆಟ್ಟ ಕಾಣುವ ಒಂದು ಕೆರೆ. ಅಲ್ಲಿನ ಮೀನಿನವನು ನನ್ನ ವಯಸ್ಸಿನ ಹುಡುಗ, ಹೊಸದಾಗಿ ಮದುವೆಯಾಗಿದ್ದ. ಒಳ್ಳೆಯ ಹುಡುಗ. ನಮ್ಮನ್ನು ಕೂರಿಸಿ ಟೀ ತರಿಸಿದ. ಅವನು ಕೋಡಿಗೆ ಬಿದಿರಿನದಲ್ಲ, ಕಬ್ಬಿಣದ ಜಾಲರಿಯನ್ನೇ ಬಿಗಿದಿದ್ದ. ನಾನೂ ನೋಡಿದೆ. ಗಟ್ಟಿ ಕೆಲಸ.

"ತೆಗೀಪ್ಪಾ ಅದನ್ನ," ಅಂದರು ಸಾಯ್ಬ್ರು. "ನಮ್ಮ ಕೆರೆ ಒಡೆದಿದ್ದು ಇದ್ರಿಂದ್ಲೇ."

"ನಿಮ್ಮ ಕೆರೆ ಮಳೆಗೆ ಒಡೀತು ಸಾಯ್ಬ್ರೇ. ಎಲ್ರಿಗೂ ಗೊತ್ತಿರೋ ವಿಷಯ."

"ಅಲ್ಲಪ್ಪಾ. ತಡಿಕೆ ಕಟ್ಟಿದ್ವಿ. ಕಸ ಮೆತ್ಕೊಂತು."

"ಇಂಜಿನಿಯರ್ ಬಂದಾಗ ನೀವೇ ಮಳೆ ಅಂದ್ರಂತೆ? ನಮ್ಮ ಮಾವ ನಿಮ್ಮೂರ ಪಕ್ಕದವ್ರೇ, ಅಲ್ಲೇ ಇದ್ರಂತೆ."

ಸಾಯ್ಬ್ರು ಟೀ ಕೆಳಗಿಟ್ಟರು. "ಹೌದು. ಅಂದೆ."

"ಆವತ್ತು ಸುಳ್ಳು ಹೇಳಿದ್ರಾ, ಇವತ್ತು ಸುಳ್ಳು ಹೇಳ್ತಿದೀರಾ?"

"ಆವತ್ತು."

ಹುಡುಗ ಜೋರಾಗಿ ನಕ್ಕುಬಿಟ್ಟ. ಕೆಟ್ಟದಾಗಿ ಅಲ್ಲ. "ಒಂದ್ಸಲ ಸುಳ್ಳು ಹೇಳಿದೀನಿ ಅಂತ ನೀವೇ ಅಂತೀರ. ಇನ್ನು ನಿಮ್ಮ ಮಾತು ಹೆಂಗ್ ನಂಬ್ಲಿ ಹೇಳಿ? ಟೀ ಕುಡೀರಿ, ಆರೋಗ್ತದೆ."

ವಾಪಸ್ ಬರುವಾಗ ಸಾಯ್ಬ್ರು, "ಅವನು ಸರಿಯಾಗೇ ಹೇಳ್ದ," ಅಂದರು.

ಆಮೇಲೆ ಅವರು ದೊಡ್ಡಪ್ಪನ ಹತ್ತಿರ ಹೋದರು. ನಾನೇ ಕರೆದುಕೊಂಡು ಹೋದೆ. ದೊಡ್ಡಪ್ಪ ಕೆರೆಯ ಅಂಗಳದ ಹೊಲದಲ್ಲಿ ಟೊಮೆಟೊ ಕೀಳಿಸುತ್ತಿದ್ದರು.

"ಗೌಡ್ರೇ, ಒಂದ್ಸಲ ನನ್ ಜೊತೆ ಆ ಊರಿಗೆ ಬನ್ನಿ. ನೀವು ಊರಿಗೆ ದೊಡ್ಡೋರು, ನೀವು ಹೇಳಿದ್ರೆ ಆ ಹುಡುಗ ಕೇಳ್ತಾನೆ. ತಡಿಕೆಯಿಂದ್ಲೇ ಒಡೀತು ಅಂತ ಒಂದು ಮಾತು. ಬೇರೆ ಏನೂ ಬೇಡ."

"ಹುಚ್ಚಾ ನಿಂಗೆ? ನಾನು ಅಲ್ಲಿ ಹೇಳಿದ್ದು ಇಲ್ಲಿಗೆ ಬರಕ್ಕೆ ಎಷ್ಟು ಹೊತ್ತು? ಆಮೇಲೆ ಇದನ್ಯಾರು ರಿಪೇರಿ ಮಾಡ್ತಾರೆ?"

"ರಿಪೇರಿ ಎಲ್ಲಿ ಗೌಡ್ರೇ? ನೀವೇ ಇಲ್ಲಿ ಟೊಮೆಟೊ ಹಾಕಿದೀರ."

ದೊಡ್ಡಪ್ಪನಿಗೆ ಸಿಟ್ಟು ಬಂತು. "ಪೋರಾ ಪೋ," ಅಂತ ತೆಲುಗಿನಲ್ಲಿ ಬೈದು ಬೆನ್ನು ತಿರುಗಿಸಿದರು. ಇವರಿಬ್ಬರ ಬೀಡಿ ಸ್ನೇಹ ಆವತ್ತಿಗೆ ಮುಗಿಯಿತು. ನಾನು ದೊಡ್ಡಪ್ಪನಿಗೆ ಎರಡು ಮಾತು ಅಂದೆ. ಮೂರು ತಿಂಗಳು ನಮ್ಮ ಮನೆಗೂ ಅವರ ಮನೆಗೂ ಮಾತಿರಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಅದೇ ವರ್ಷ ಚಿತ್ತೆ ಮಳೆ ಜೋರಾಗಿ ಬಂತು. ಮಾರ್ಕೆಟ್ಟಿನಲ್ಲಿ ಗೂಡು ಇಳಿಸುವಾಗ ಚಿಂತಾಮಣಿ ಕಡೆಯವರು ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಆ ಕೆರೆ ಉಳಿಯಿತಂತೆ. ಹುಡುಗ ಹೋದನಂತೆ. ಜಾಲರಿಗೆ ಕಸ ಮೆತ್ತಿ ನೀರು ಏರಿಯ ಮೇಲಿನವರೆಗೆ ಬಂದಿತ್ತು. ಹುಡುಗ ಗಡಾರಿ ತೆಗೆದುಕೊಂಡು ಇಳಿದು ಜಾಲರಿ ಮೀಟಿದ. ಜಾಲರಿ ಬಿಟ್ಟುಕೊಂಡಿತು. ಅಷ್ಟೂ ನೀರು ಒಟ್ಟಿಗೆ ನುಗ್ಗಿತು. ಅವನಿಗೆ ಚೆನ್ನಾಗಿ ಈಜು ಬರುತ್ತಿತ್ತಂತೆ.

ಸಾಯ್ಬ್ರಿಗೆ ಹೇಳಬೇಕೋ ಬೇಡವೋ ಅಂತ ನಾನು ಯೋಚನೆ ಮಾಡಲಿಲ್ಲ. ಹೋಗಿ ಹೇಳಿದೆ. ಚಪ್ಪಲಿ ಹಾಕಿಕೊಂಡು ಗಾಡಿ ಹತ್ತಿದರು.

ಹುಡುಗನ ಮನೆಯ ಮುಂದೆ ಜನ ಕುಂತಿದ್ದರು. ಅವನ ಅಪ್ಪ ಜಗಲಿಯ ಮೇಲೆ ಟವೆಲ್ಲು ಹೊದ್ದುಕೊಂಡು ಕುಂತಿದ್ದ. ಸಾಯ್ಬ್ರು ಹೋಗಿ ಎದುರಿಗೆ ನಿಂತರು. ಇವರು ಯಾರು ಅಂತ ನಾನು ಹೇಳಿದೆ.

"ಗೊತ್ತು," ಅಂದ ಮುದುಕ. "ನೀನು ಬಂದು ಹೇಳಿದ್ದು ನನ್ ಮಗ ಮನೇಲಿ ಹೇಳಿ ನಗಾಡ್ದ. ಮಳೆ ಹೊಡೀವಾಗ ಗಡಾರಿ ತಗೊಂಡು ಹೊರಟ. ಯಾಕಪ್ಪಾ ಅಂದೆ. ಆ ಸಾಯ್ಬ್ರು ಹೇಳಿದ್ದು ನಿಜ ಇದ್ರೂ ಇರ್ಬೋದು ಅಂದ."

ಸಾಯ್ಬ್ರು ಕೈ ಮುಗಿದರು. ಅವರು ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಜೀಪು ಬಂದ ದಿನಾನೇ ಹೇಳಿದ್ರೆ ಎಲ್ಲಾ ಕೆರೇಲೂ ಬಿಚ್ಚಿಸ್ತಿದ್ರು," ಅಂದ ಮುದುಕ. ದನಿ ಎತ್ತಲಿಲ್ಲ. ಬೈಯಲಿಲ್ಲ. "ಇವನು ಬಿಸಿಲಲ್ಲಿ ನಿಂತ್ಕೊಂಡು ಆರಾಮಾಗಿ ಬಿಚ್ತಿದ್ದ. ಯಾಕೆ ಹೇಳ್ಲಿಲ್ಲ ನೀನು?"

ಹೇಳಲು ಅವರ ಹತ್ತಿರ ಕಾರಣ ಇತ್ತು. ದೊಡ್ಡಪ್ಪ ಇದ್ದರು, ಊರಿತ್ತು, ಕೆಳಗಿನ ಕೇರಿ ಇತ್ತು. ಒಂದನ್ನೂ ಹೇಳಲಿಲ್ಲ. ನಾನು ಬಾಯಿ ತೆರೆದೆ. ಅವರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಆ ಸುಲಿದ ಬೆರಳುಗಳಲ್ಲಿ ಅಷ್ಟು ಬಲ ಇದೆ ಅಂತ ನನಗೆ ಗೊತ್ತಿರಲಿಲ್ಲ. ಗಾಡಿ ಹತ್ತಿ ಬಂದುಬಿಟ್ಟೆವು.

ಅದಾದ ಮೇಲೆ ಅವರು ಯಾವ ಕೆರೆಗೂ ಹೋಗಲಿಲ್ಲ. ಡಾಕ್ಟರು ಬೇಡ ಅಂದ ಶೆಡ್ಡಿಗೇ ವಾಪಸ್ ಹೋಗಿ ಚರಕದ ಮುಂದೆ ಕುಂತರು. ಆ ಹಬೆಯಲ್ಲಿ ಎಷ್ಟು ದಿನ ಇರುತ್ತೀರಿ ಅಂತ ಒಂದು ಸಲ ಬೈದೆ. "ಇನ್ನೆಲ್ಲ್ ಹೋಗ್ಲಿ?" ಅಂದರು. ತಮಾಷೆ ಎಲ್ಲ ನಿಂತುಹೋಗಿತ್ತು. ಡ್ರೈವರ್ ಸಾಬ್ ಅನ್ನುವುದನ್ನೂ ಬಿಟ್ಟಿದ್ದರು. ಕೆಲವು ವರ್ಷ ಹಾಗೇ ಕೆಮ್ಮುತ್ತಾ ಇದ್ದರು. ಹೋದ ತಿಂಗಳು ಸತ್ತರು.

ಮಣ್ಣಿಗೆ ನಾನು ಹೋಗಿದ್ದೆ. ದೊಡ್ಡಪ್ಪನೂ ಬಂದಿದ್ದರು, ನಾನು ಕರೆದಿರಲಿಲ್ಲ. ಖಬರಸ್ತಾನದ ಗೇಟಿನ ಹೊರಗೆ ಕೋಲು ಊರಿಕೊಂಡು ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಿಜವಾಗಿಯೂ ಅಳುತ್ತಿದ್ದರು. ಪಕ್ಕದಲ್ಲಿದ್ದ ಯಾರೋ, ನಿಮಗೆ ಇವರು ಹೇಗೆ ಪರಿಚಯ ಅಂತ ಕೇಳಿದರು.

"ನಮ್ಮೂರ ಕೆರೇಲಿ ಮೀನು ಬಿಟ್ಟಿದ್ರು," ಅಂದರು ದೊಡ್ಡಪ್ಪ. "ಬಂಗಾರದಂಥ ಮನುಷ್ಯ. ಪಾಪ, ಆ ವರ್ಷ ಮಳೇಲಿ ಎಲ್ಲಾ ಹೋಯ್ತು."

"ಮಳೆ ಅಲ್ಲ," ಅಂದೆ ನಾನು.

ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ. ಕೇಳಿದವನು ಹೌದೌದು, ಆ ವರ್ಷ ಭಾರಿ ಮಳೆ, ನಮ್ಮ ಕಡೆಯೂ ಹಾಗೇ ಅಂತ ತಲೆ ಆಡಿಸಿದ.

ಅಷ್ಟೇ. ಇನ್ನು ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ.